ಹರಿಯುವ ಪುರಾವೆ

ನೀರು ಪೋಲು ಮಾಡುವವರಿಗೆ ದಂಡ ಹಾಕುವ ಇನ್ಸ್‌ಪೆಕ್ಟರಿಗೆ ಬೀದಿಯವರು ಇಟ್ಟ ಹೆಸರು ಹನಿ ಸಾಹೇಬ್ರು. ಪೈಪು ಹಿಡಿದು ಕಾರು ತೊಳೆಯುವವರ ಮುಂದೆ ಅವರ ಜೀಪು ಗಕ್ಕನೆ ನಿಂತಿತೆಂದರೆ ಡ್ರೈವರು, ಫೋಟೋದವನು, ಇಬ್ಬರು ಸಾಕ್ಷಿಗಳು ಇಳಿಯುತ್ತಾರೆ; ಅವರ ಹಿಂದೆಯೇ ನಾಲ್ಕು ಖಾಲಿ ಕ್ಯಾನುಗಳೂ ಇಳಿಯುತ್ತವೆ. ಸಿಕ್ಕಿಬಿದ್ದವರು ಗಾಬರಿಯಿಂದ ನಲ್ಲಿ ನಿಲ್ಲಿಸಲು ಓಡಿದರೆ ಸಾಹೇಬರು ಕೆಂಡಾಮಂಡಲ: "ಮುಟ್ಟಬೇಡ್ರೀ! ಹರೀತಾ ಇರ್ಲಿ, ಪುರಾವೆ ಬೇಕು!" ಫೋಟೋ ತೆಗೆಸಿ, ನಾಲ್ಕು ಪ್ರತಿ ಮಹಜರು ಬರೆದು, ಕಾರ್ಬನ್ ಹಾಳೆ ಮಗುಚಿ ಇಟ್ಟದ್ದು ತಿಳಿದು ಮತ್ತೆ ಮೊದಲಿಂದ ಬರೆಯುವ ಹೊತ್ತಿಗೆ, ಬಕೆಟಿನಷ್ಟಿದ್ದ ಅಪರಾಧ ಟ್ಯಾಂಕಿನಷ್ಟಾಗಿ ಪಕ್ಕದ ಮನೆಯ ಮೆಟ್ಟಿಲು ಹತ್ತಿರುತ್ತದೆ. ದಂಡ ನೂರು, ಅದನ್ನು ವಸೂಲು ಮಾಡುವ ಖರ್ಚು ಒಂಬೈನೂರು. ಡ್ರೈವರು ಒಮ್ಮೆ ಬಾಯಿ ತಪ್ಪಿ ಇದನ್ನು ಹೇಳಿದ್ದಕ್ಕೆ "ಕಾನೂನಿಗೆ ಬೆಲೆ ಕಟ್ತೀಯೇನಯ್ಯಾ?" ಎಂದು ಗದರಿದ್ದರು. ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡಿದ್ದ ಸ್ವಂತ ಭಾವಮೈದುನನಿಗೂ ನೋಟಿಸು ಕೊಟ್ಟು, ಅವನ ಮನೆಯಲ್ಲೇ ಊಟಕ್ಕೆ ಕೂತವರು ಅವರು. ಮಹಜರಿಗೆ ರುಜು ಬಿದ್ದ ಮೇಲೆ ಪೈಪಿನ ಬಾಯಿಗೆ ಕ್ಯಾನು ಹಿಡಿದು, ನಾಲ್ಕನ್ನೂ ಕಂಠಮಟ್ಟ ತುಂಬಿಸಿ, "ಜಪ್ತಿ ಮಾಲು" ಎಂದು ಚೀಟಿ ಅಂಟಿಸುತ್ತಾರೆ. ಆ ಮಾಲು ಕಚೇರಿ ಸೇರಿದ್ದನ್ನು ಕಂಡವರಿಲ್ಲ. ಸಂಜೆ ಜೀಪು ನಿಲ್ಲುವುದು ಸಾಹೇಬರ ಮನೆಯ ಮುಂದೆ. ಅಲ್ಲಿ ಹನ್ನೊಂದು ದಿನದಿಂದ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬುಸುಗುಟ್ಟುತ್ತಿದೆ. ಹೆಂಡತಿ ಖಾಲಿ ಕೊಡ ಹಿಡಿದು ಬಾಗಿಲಲ್ಲೇ ಕಾಯುತ್ತಿರುತ್ತಾಳೆ. "ಏನ್ರೀ, ಇವತ್ತು ಎಷ್ಟು ಕೇಸು?" ಎಂದು ಅವಳು ಕೇಳುವುದು ಗಂಡನ ಮುಖ ನೋಡಿಯಲ್ಲ, ಕ್ಯಾನು ನೋಡಿ. ಮೊನ್ನೆ ಮಾತ್ರ ಸಾಹೇಬರು ತಲೆ ತಗ್ಗಿಸಿ ನಿಂತುಬಿಟ್ಟರು: "ಒಂದೂ ಸಿಗ್ಲಿಲ್ಲ ಕಣೇ. ಹಾಳಾದ ಜನ, ಸುಧಾರಿಸಿಬಿಟ್ಟಿದ್ದಾರೆ."