ಜಾವೀದನ ಎರಡು ಚಂದ್ರ

ಬೀರೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಜಾವೀದನ ಕಂಪ್ಯೂಟರಿನಲ್ಲಿ ಇಬ್ಬರು ಚಂದ್ರರಿದ್ದಾರೆ. ನಮ್ಮ ಮದುವೆಗಳಿಗೆ ಹುಣ್ಣಿಮೆ ಚಂದ್ರ, ಮುಸ್ಲಿಮರ ಮದುವೆಗಳಿಗೆ ಬಿದಿಗೆ ಚಂದ್ರ. ಯಾರದೇ ಆಲ್ಬಂ ಇರಲಿ, ಗಂಡುಹೆಣ್ಣಿನ ತಲೆಯ ಹಿಂದೆ ಒಬ್ಬನನ್ನು ಅಂಟಿಸದೆ ಅವನು ಬಿಡುವುದಿಲ್ಲ. ನನ್ನ ಮದುವೆ ನಡೆದದ್ದು ಕಡೂರಿನ ಛತ್ರದಲ್ಲಿ, ಮಟಮಟ ಮಧ್ಯಾಹ್ನ. ಆಲ್ಬಮ್ಮಿನಲ್ಲಿ ಮಾತ್ರ ಧಾರೆಯ ಹೊತ್ತಿಗೇ ಹುಣ್ಣಿಮೆ ಬಂದಿದೆ. ಕೇಳಿದ್ದಕ್ಕೆ, "ಲುಕ್ಕು ಬತ್ತದೆ ಬಿಡ್ರೀ" ಅಂದ.

ಇಂಥವನಿಗೂ ಒಂದು ನಿಜವಾದ ಆಸೆಯಿತ್ತು. ರಂಜಾನ್ ತಿಂಗಳ ಮೊದಲ ಚಂದ್ರನನ್ನು ಕಂಡವರು ಮಸೀದಿಗೆ ಬಂದು ಸಾಕ್ಷಿ ಹೇಳಬೇಕು. ಬೀರೂರಿಗೆ ಆ ಸಾಕ್ಷಿ ತಾನೇ ಆಗಬೇಕೆಂದು ಜಾವೀದ್ ಮೊಳದುದ್ದದ ಲೆನ್ಸ್ ಕೊಂಡ. ಎರಡು ವರ್ಷ ಮೋಡ ಅಡ್ಡ ಬಂತು. ಈ ವರ್ಷ ಸ್ಟುಡಿಯೋ ತಾರಸಿಯ ನೀರಿನ ಟ್ಯಾಂಕ್ ಹತ್ತಿ ಕೂತ. ಸೂರ್ಯ ಮುಳುಗಿದ ಮೇಲೆ ಮೋಡ ಎರಡೇ ನಿಮಿಷ ಸರಿಯಿತು, ಕೂದಲೆಳೆಯಷ್ಟು ಚಂದ್ರ ಸಿಕ್ಕಿದ. ಜಾವೀದ್ ಕ್ಯಾಮೆರಾ ಎದೆಗವಚಿಕೊಂಡು, ಬೀದಿಯಲ್ಲಿ ಸಿಕ್ಕಿದ ನನ್ನನ್ನೂ ಎಳೆದುಕೊಂಡು ಮಸೀದಿಗೆ ಓಡಿದ.

ಕಮಿಟಿಯ ಹಿರಿಯರಾದ ಖಾಸಿಂ ಸಾಬ್ ಕನ್ನಡಕ ಏರಿಸಿ ನೋಡಿದರು.

"ಏನಪ್ಪಾ, ಈ ಚಂದ್ರನ್ನ ನಾನು ನೋಡಿದೀನಲ್ಲ?"

"ಈಗ್ತಾನೆ ಹುಟ್ಟವ್ನೆ ಸಾಬ್ರೇ!"

"ನಮ್ಮ ಮಗಳು ಅಲ್ಫಿಯಾ ಮದ್ವೆ ಆಲ್ಬಮ್ಮಲ್ಲಿ ಅವ್ನೆ ಕಣೋ. ಅವತ್ತು ಜಡಿಮಳೆ."

ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರತಿಯೊಬ್ಬರ ಮನೆಯಲ್ಲೂ ಜಾವೀದನ ಒಂದು ಆಲ್ಬಂ ಇತ್ತು. ಅವನು ಆಣೆ ಇಟ್ಟ, ಫೋಟೋ ತೆಗೆದ ಗಂಟೆ ನಿಮಿಷ ತೋರಿಸಿದ. ಮಧ್ಯಾಹ್ನಕ್ಕೆ ಹುಣ್ಣಿಮೆ ತಂದವನ ಗಡಿಯಾರವನ್ನು ಯಾರು ನಂಬುತ್ತಾರೆ?

ಅಷ್ಟರಲ್ಲಿ ಅವನ ತಾಯಿ ಸರ್ವರ್ ಬೇಗಂ ಬಾಗಿಲಿಗೆ ಬಂದರು. ಮನೆ ಮುಂದೆ ಒಣಹಾಕಿದ್ದ ಬಟ್ಟೆ ತೆಗೆಯುವಾಗ ಅವರಿಗೆ ಬರಿಗಣ್ಣಿಗೇ ಚಂದ್ರ ಕಂಡಿದ್ದನಂತೆ. ಆಕೆ ಸುಳ್ಳಾಡಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಮೋಡ ಕವಿದ ದಿನ ನಂಬಿಕಸ್ಥರೊಬ್ಬರ ಸಾಕ್ಷಿ ಸಾಕು. ಖಾಸಿಂ ಸಾಬರು ಮರುಮಾತಿಲ್ಲದೆ ಒಪ್ಪಿ, ಮೈಕಿನಲ್ಲಿ ಸಾರಲು ಹೇಳಿದರು.

ಜಾವೀದನಿಗೆ ಹೋದ ಜೀವ ಬಂತು. "ಅಮ್ಮಿ, ನನ್ನ ಫೋಟೋನೂ ನಿಜ ಅಂತ ಒಂದ್ಮಾತು ಹೇಳ್ಬಿಡಿ!"

ಅವನ ಮುಖ ನೋಡಿ ನನಗೂ ಅಯ್ಯೋ ಅನಿಸಿತು. ಸರ್ವರ್ ಬೇಗಂ ಸೆರಗು ಸರಿಮಾಡಿಕೊಂಡರು.

"ಚಂದ್ರನ್ನ ನೋಡ್ದೆ, ಹೇಳ್ದೆ. ನೀನು ಫೋಟೋ ತೆಗ್ದಿದ್ದು ನಾನು ನೋಡಿಲ್ಲ ಕಣಪ್ಪಾ."