ಬಿದ್ದ ಕನಸು, ಕಂಡ ಕನಸು

ಆಕೆಯನ್ನು ಬೀದಿಯವರೆಲ್ಲ ನಿದ್ದೆಯಮ್ಮ ಎಂದು ಕರೆಯುತ್ತಿದ್ದರು. ಹಾಗೆಂದು ಆಕೆ ನಿದ್ದೆಬಡುಕಿಯಲ್ಲ. ಕಂಡವರಿಗೆಲ್ಲ ನಿದ್ದೆ ಹಂಚಿ, ತನ್ನ ಪಾಲಿಗೆ ಮಾತ್ರ ಕೋಳಿನಿದ್ದೆ ಉಳಿಸಿಕೊಂಡವಳು.

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹೊದಿಕೆ ಮಡಿಸುತ್ತ ಮಡಿಸುತ್ತ ಆಕೆಯ ಕೂದಲು ನೆರೆತಿತ್ತು. ಒಮ್ಮೆ ಯಾವುದೋ ರೋಗಿಯ ಅಣ್ಣ ದಾರಿ ತಪ್ಪಿ ಅಲ್ಲಿಗೆ ಬಂದವನು, ಇನ್ನೂ ಬಿಸಿ ಆರದ ಹೊದಿಕೆಗಳ ರಾಶಿಗೆ ಒರಗಿ ಹಾಗೆಯೇ ನಿದ್ದೆಹೋದ. ಮೇಲ್ವಿಚಾರಕ ಗದರಿದರೂ ಆಕೆ ಎಬ್ಬಿಸಲಿಲ್ಲ. ಎದ್ದಾಗ ಅವನ ಮುಖ ಇಸ್ತ್ರಿ ಮಾಡಿದ ಬಟ್ಟೆಯಂತೆ ಸುಕ್ಕು ಕಳೆದುಕೊಂಡಿತ್ತು. ರೋಗಿಗೇನೋ ಮಂಚವುಂಟು, ರೋಗಿಯನ್ನು ಕಾಯುವವರಿಗೆ ಏನುಂಟು ಎಂಬ ಯೋಚನೆ ಆ ದಿನ ಆಕೆಯ ತಲೆ ಹೊಕ್ಕಿತು.

ನಿವೃತ್ತಿಯ ನಂತರ ಪರಿಚಯದವರನ್ನು ಸೇರಿಸಿ ಒಂದು ಸಂಘ ಕಟ್ಟಿದಳು. ಆಸ್ಪತ್ರೆಯ ಎದುರು ಬೀದಿಯಲ್ಲಿ ಗಡಿಯಾರ ರಿಪೇರಿ ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿದಳು. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರೋಗಿಯ ಬಳಿ ಕುಳಿತವರು ಹಗಲು ಇಲ್ಲಿ ಬಂದು ಪುಕ್ಕಟೆ ಮಲಗಬಹುದು. ಆಸ್ಪತ್ರೆಯಿಂದ ಕರೆ ಬಂದರೆ ಆಕೆ ಅವರ ಕಾಲ ಹೆಬ್ಬೆರಳು ಹಿಡಿದು ಮೆಲ್ಲಗೆ ಅಲುಗಿಸಿ ಎಬ್ಬಿಸುವಳು. ನೀಲಿ ಪರದೆಗಳಿಂದ ಸೋಸಿ ಬಂದ ಬೆಳಕಿನಲ್ಲಿ ಮಧ್ಯಾಹ್ನವೇ ಕೆರೆಯ ತಳದಂತೆ ತೋರುತ್ತಿತ್ತು. ಕೆಳಗೆ ರಿಪೇರಿಗೆ ಬಂದ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ಹೇಳುತ್ತಿದ್ದವು. ಮೇಲೆ ಮಲಗಿದವರಿಗೆ ಹೊತ್ತೆಂಬುದೇ ಇರಲಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆಯಿದ್ದವರಿಗೆ ಇಂಥದೊಂದು ಕೋಣೆ ಬೇಕು.

ಆ ಕೋಣೆಗೇ ಕುತ್ತು ಬಂತು. ಗಡಿಯಾರದವನು ಕೆಟ್ಟವನಲ್ಲ. "ಅಮ್ಮಾ, ನನಗೂ ಹೊಟ್ಟೆ ಇದೆಯಲ್ಲ. ಮುಂದಿನ ವರ್ಷದ ಬಾಡಿಗೆಗೆ ಒಂದು ಭರವಸೆ ಕೊಡಿ. ಇಲ್ಲಾಂದ್ರೆ ಬೇಸಿಗೆ ಕಳೆದ ಮೇಲೆ ಗೋದಾಮಿನವರಿಗೆ ಕೊಟ್ಟುಬಿಡ್ತೀನಿ," ಎಂದ. ಚಂದಾ ಎತ್ತಿದ್ದು ಸಾಬೂನಿಗೆ ಸಾಲದು. ಕೊನೆಗೆ, ಬಾಡಿಗೆಗೂ ಒಂದಷ್ಟು ಹೊಸ ಮಂಚಗಳಿಗೂ ಸೇರಿಸಿ, ಸೇವಾಸಂಸ್ಥೆಗಳಿಗೆ ನೆರವು ಕೊಡುವ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕುವುದೆಂದಾಯಿತು.

ಅರ್ಜಿ ತುಂಬಲು ಕುಳಿತವಳು ನಾದಿನಿ. ಬೆರಳಚ್ಚು ಕಲಿಸುವವಳು, ಬಾಯಿ ಬೆರಳಿಗಿಂತ ಚುರುಕು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀವು ನೋಡಿದ್ರೆ ಊರವರ ಕಾಲಿಗೆಲ್ಲ ಹಾಸಿಗೆ ಹುಡುಕ್ತೀರಿ! ಇರಲಿ, ಇಲ್ಲಿ ಕೇಳಿದ್ದಾರೆ, ನಿಮ್ಮ ಕೆಲಸ ಯಶಸ್ವಿ ಆಯ್ತು ಅಂತ ಹೇಗೆ ಅಳೀತೀರಿ?"

"ಗೊರಕೆ ಕೇಳಿದ್ರೆ ಗೊತ್ತಾಗುತ್ತೆ."

"ಗೊರಕೆ ಅಂತ ಬರೀಲಾ?"

"ಬರಿ. ಸುಳ್ಳೇನಲ್ವಲ್ಲ."

ಕೊನೆಯ ಪ್ರಶ್ನೆ ಬರುವಷ್ಟರಲ್ಲಿ ನಾದಿನಿಗೆ ತರಗತಿಯ ಹೊತ್ತಾಯಿತು, ಎದ್ದು ಹೋದಳು. ಉಳಿದ ಪ್ರಶ್ನೆ ಇದು: 'ನಿಮ್ಮ ಸಂಸ್ಥೆಯ ಕನಸುಗಳೇನು? ವಿವರಿಸಿ.'

ನಿದ್ದೆಯಮ್ಮನಿಗೆ ಬಹಳ ಸಮಾಧಾನವಾಯಿತು. ಅಂತೂ ತನಗೆ ಅರ್ಥವಾಗುವ ಪ್ರಶ್ನೆಯೊಂದನ್ನು ಕೇಳಿದರಲ್ಲ! ಅಂದು ಎದ್ದವರಲ್ಲೆಲ್ಲ ಅವರವರ ಕನಸು ವಿಚಾರಿಸಿ, ದುಂಡಗಿನ ಅಕ್ಷರದಲ್ಲಿ ಬರೆದಳು. ಹೆಂಡತಿಯ ಶಸ್ತ್ರಚಿಕಿತ್ಸೆಗೆ ಕಾದಿದ್ದವನು ಆಸ್ಪತ್ರೆಯ ಮೆಟ್ಟಿಲುಗಳನ್ನೇ ಏಣಿಯಂತೆ ಹೆಗಲ ಮೇಲೆ ಹೊತ್ತು, ಇಳಿಸಲು ಜಾಗ ಹುಡುಕುತ್ತಿದ್ದ. ಒಬ್ಬ ಅಜ್ಜನಿಗೆ ಹಲ್ಲೆಲ್ಲ ಮರಳಿ ಬಂದಿದ್ದವು, ಡಾಕ್ಟರರನ್ನು ಕಚ್ಚಿಬಿಟ್ಟ. ಒಬ್ಬ ತಾಯಿಯ ಕನಸಿನಲ್ಲಿ, ಹಾಸಿಗೆ ಹಿಡಿದಿದ್ದ ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಮುಂದೆ ಓಡುತ್ತಿದ್ದಳು. ಕೂಗಿದರೂ ತಿರುಗಲಿಲ್ಲ, ನಗುತ್ತಿದ್ದಳು. ಇನ್ನೊಬ್ಬನಿಗೆ ತಾನು ನಿದ್ದೆ ಮಾಡುತ್ತಿರುವಂತೆಯೇ ಕನಸು. ಬರೆದು, ಲಕೋಟೆ ಅಂಟಿಸಿ, ಅಂಚೆಗೆ ಹಾಕಿಬಂದಳು.

ಸಂಜೆ ನಾದಿನಿ ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತಿಗೆ! ಅವರು ಕೇಳಿದ್ದು ಮುಂದೆ ಏನೇನು ಮಾಡಬೇಕು ಅಂತಿದ್ದೀರಿ ಅಂತ! ಅಜ್ಜನ ಹಲ್ಲು ಯಾರಿಗೆ ಬೇಕಿತ್ತು?"

"ಕನಸು ಅಂತ ತಾನೇ ಬರೆದಿತ್ತು?"

ತಪ್ಪು ಆಕೆಯದಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ಕನಸಿಗೆ ಎರಡು ಕ್ರಿಯಾಪದಗಳಿವೆ. ಎಚ್ಚರದಲ್ಲಿದ್ದವರು ಕನಸು ಕಾಣುತ್ತಾರೆ. ಮಲಗಿದವರಿಗೆ ಕನಸು ಬೀಳುತ್ತದೆ. ಪ್ರತಿಷ್ಠಾನದವರು ಕಾಣುವ ಕನಸನ್ನು ಕೇಳಿದ್ದರು, ಆಕೆ ಬಿದ್ದ ಕನಸನ್ನು ಕಳಿಸಿದ್ದಳು. ಒಂದು ಪದದಿಂದ ಕೋಣೆಯೇ ಕೈತಪ್ಪಿತೆಂದು ಆಕೆಯ ಕೋಳಿನಿದ್ದೆಯೂ ಹಾರಿಹೋಯಿತು. ಮಡಿಸಿಟ್ಟ ಹೊದಿಕೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಕೂರುವಳು.

ಒಂದು ಮಧ್ಯಾಹ್ನ ಕಿರ್ ಕಿರ್ ಎನ್ನುವ ಬೂಟುಗಳು ಮೆಟ್ಟಿಲೇರಿ ಬಂದವು. ಆಕೆ ತುಟಿಗೆ ಬೆರಳಿಟ್ಟು ಮೊದಲು ಬೂಟು ಬಿಚ್ಚಿಸಿದಳು, ಆಮೇಲೆ ಯಾರೆಂದು ಕೇಳಿದಳು. ಪ್ರತಿಷ್ಠಾನದ ಅಧಿಕಾರಿ! ಸುತ್ತಲೂ ಜನ ಮಲಗಿದ್ದರಿಂದ ತನಿಖೆಯೆಲ್ಲ ಪಿಸುಮಾತಿನಲ್ಲೇ ನಡೆಯಿತು.

"ಕನಸಿನ ಭಾಗ ಬರೆದವರು ಯಾರು?"

"ನಾನೇ ಸ್ವಾಮಿ. ತಪ್ಪಾಯ್ತು."

"ಸಭೇಲಿ ಅರ್ಜಿ ಓದಿ ಓದಿ ಎಲ್ಲರೂ ತೂಕಡಿಸ್ತಾ ಇದ್ವಿ. ನಿಮ್ಮದು ಬಂದಾಗ ಎದ್ದು ಕೂತ್ವಿ. ಮಲಗಿಸೋ ಸಂಘದ ಅರ್ಜಿ ನಮ್ಮನ್ನ ಎಬ್ಬಿಸಿಬಿಡ್ತು ನೋಡಿ." ದನಿ ಇನ್ನಷ್ಟು ತಗ್ಗಿಸಿ ಕೇಳಿದರು, "ಚಪ್ಪಲಿ ಹಿಡಿದು ಓಡಿದಳಲ್ಲ ಆ ಹುಡುಗಿ, ಈಗ ಹೇಗಿದ್ದಾಳೆ?"

"ಗೊತ್ತಿಲ್ಲ. ಇಲ್ಲಿಂದ ಹೋದವರು ಮತ್ತೆ ಬರೋದಿಲ್ಲ. ಬರದೇ ಇದ್ರೆ ಒಳ್ಳೇದೇ ಆಗಿದೆ ಅಂದ್ಕೊಳ್ತೀನಿ."

ಅಧಿಕಾರಿ ಮಂಚಗಳ ಸಾಲನ್ನು ನೋಡುತ್ತ ನಿಂತರು. ಯಾರೋ ಮಗ್ಗುಲು ಬದಲಿಸಿದರು, ಪರದೆ ಉಸಿರೆಳೆದಂತೆ ಉಬ್ಬಿ ಇಳಿಯಿತು. "ಆದರೂ ನೀವು ಕಾಣೋ ಕನಸು ಏನು ಅಂತ ನಾನು ಬರ್ಕೊಳ್ಳಬೇಕಲ್ಲ ತಾಯಿ," ಎಂದರು ಕೊನೆಗೆ.

"ಈ ಕೋಣೆ ಇರಬೇಕು. ಅಷ್ಟೇ."

ಅಷ್ಟನ್ನೇ ಬರೆದುಕೊಂಡು, ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು.

ಬೇಸಿಗೆ ಮುಗಿಯುವ ಮುನ್ನ ಉತ್ತರ ಬಂತು. ಹೊಸ ಮಂಚಗಳ ಬೇಡಿಕೆಯನ್ನು ಹೊಡೆದುಹಾಕಿದ್ದರು. ಒಂದು ವರ್ಷದ ಬಾಡಿಗೆ ಮಂಜೂರಾಗಿತ್ತು. ಗಡಿಯಾರದವನು ಅದನ್ನು ಓದಿ, ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದು, "ಆಗಲಿ, ಗೋದಾಮಿನವರು ಬೇರೆ ಕಡೆ ನೋಡ್ಕೊಳ್ಳಲಿ," ಎಂದ.

ನಿದ್ದೆಯಮ್ಮ ಮೇಲೆ ಬಂದು, ಕಿಟಕಿಯ ಬಳಿ ಖಾಲಿಯಿದ್ದ ಮಂಚದ ಅಂಚಿನಲ್ಲಿ ಕುಳಿತಳು. ಆ ಕೋಣೆಯಲ್ಲಿ ಆಕೆ ಒಂದು ದಿನವೂ ಬೆನ್ನು ನೆಲಕ್ಕೆ ತಾಗಿಸಿದವಳಲ್ಲ. ಸುಮ್ಮನೆ ಕಾಲು ಚಾಚಿದಳು. ನೀಲಿ ಬೆಳಕು ಮೇಲೇರಿ ಬಂತು.

ತರಗತಿ ಮುಗಿಸಿ ಬಂದ ನಾದಿನಿ ಹೆಬ್ಬೆರಳು ಹಿಡಿದು ಅಲುಗಿಸಿದಾಗ ದೀಪ ಹಚ್ಚುವ ಹೊತ್ತು.

"ಏನು ಕನಸು ಬಿತ್ತು ಅತ್ತಿಗೆ? ಹೇಳಿ, ಮುಂದಿನ ಅರ್ಜಿಗೆ ಬೇಕಾಗುತ್ತೆ."

"ಏನೂ ಬೀಳಲಿಲ್ಲ ಕಣೇ," ಎಂದು ಆಕೆ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು. "ಇನ್ನೊಂದು ಸ್ವಲ್ಪ ಹೊತ್ತು ಬಿಡು."