ಸೇರಿದವರು ಹತ್ತು, ಮುಗಿಸಿದವರು ಮೂರು

ಇಡ್ಲಿ ಇಳಿಸಿ, ಮಗಳಿಗೆ ಎರಡು ಜಡೆ ಹಾಕಿ, ಗಂಡನ ಬುತ್ತಿಯ ಮುಚ್ಚಳ ಒತ್ತಿ, ಇಬ್ಬರನ್ನೂ ಗೇಟಿನಾಚೆ ಕಳಿಸಿದ ಮೇಲೆ ನನ್ನ ಪಾಲಿಗೆ ಬರುವ ಕೆಲಸ ಮೀನು ಕೊಯ್ಯುವುದು. ಹೊಳೆಯಾಚೆಯ ಬೆಂಗ್ರೆಯಿಂದ ಬುಟ್ಟಿ ಹೊತ್ತು ಬರುವ ಗಿರಿಜಕ್ಕ ಇವತ್ತು ಬಂಗುಡೆ ಕೊಟ್ಟುಹೋಗಿದ್ದಳು. ಹಿತ್ತಿಲ ಕಲ್ಲಿನ ಮೇಲೆ ನಿನ್ನೆಯ ಪೇಪರು ಹಾಸಿ ಕತ್ತಿಮಣೆ ಹಿಡಿದು ಕೂತೆ. ನಿಮ್ಮ ಮನೆಯ ಕತೆ ನನಗೆ ಗೊತ್ತಿಲ್ಲ, ನಾನಂತೂ ಪೇಪರು ಓದುವುದು ಅದರ ಮೇಲೆ ಮೀನು ಬಿದ್ದ ಮೇಲೆಯೇ. ಅಲ್ಲಿಯವರೆಗೆ ಅದು ಗಂಡನ ಮುಖದ ಮುಂದೆ ಇರುತ್ತದೆ.

ಮೂರನೆಯ ಬಂಗುಡೆಯ ಬಾಲದ ಕೆಳಗೆ ಒಂದು ಸಣ್ಣ ಪ್ರಕಟಣೆ ಕಂಡಿತು. ನಾನು ಒಂದು ಕಾಲದಲ್ಲಿ ಹೋಗುತ್ತಿದ್ದ ಸಂಜೆ ಕಾಲೇಜಿನದ್ದು. ಸಾರ್ವಜನಿಕ ಆಡಳಿತದ ಎಂ.ಎ. ತರಗತಿಗೆ ಸೇರಲು ಕೊನೆಯ ದಿನಾಂಕವನ್ನು ವಿಸ್ತರಿಸಲಾಗಿದೆ.

ಬೇರೆಯವರು ಓದಿದರೆ, ಪಾಪ, ಕಾಲೇಜಿನವರು ಎಷ್ಟು ಒಳ್ಳೆಯವರು ಅಂದುಕೊಂಡಾರು. ನನಗೆ ಒಳಗಿನ ಸಂಗತಿ ಗೊತ್ತು. ದಿನಾಂಕ ಮುಂದೆ ಹೋಗಿದೆ ಎಂದರೆ ಜನ ಸಾಲದು ಎಂದು ಅರ್ಥ. ಯಾರೋ ಒಬ್ಬ ಮಾಷ್ಟ್ರು ಈ ಹೊತ್ತಿಗೆ ಕೊಡೆ ಹಿಡಿದು ಹಳೆ ವಿದ್ಯಾರ್ಥಿಗಳ ಮನೆ ಮನೆ ಸುತ್ತುತ್ತಿರಬೇಕು.

ಹತ್ತು ಹನ್ನೊಂದು ವರ್ಷದ ಹಿಂದೆ ಹಾಗೆ ನಮ್ಮ ಗೇಟು ತೆಗೆದವರು ರೈ ಸರ್. ಬಿ.ಎ.ಯಲ್ಲಿ ನನಗೆ ಪಾಠ ಮಾಡಿದವರು. ನಾನು ಮದುವೆಯಾಗಿ ಈ ಮನೆಗೆ ಬಂದು ಆರು ತಿಂಗಳಾಗಿತ್ತು. ಜಗಲಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ ಹೇಳಿದರು, “ಒಂಬತ್ತು ಜನ ಆಗಿದ್ದಾರೆ. ಹತ್ತು ಆಗದಿದ್ರೆ ಕ್ಲಾಸಿಲ್ಲ. ನೀನೊಂದು ಹೆಸರು ಕೊಡು.”

“ಎಂತದ್ದು ಅದು ಕಲಿಯುವುದು?” ಅತ್ತೆ ಒಳಗಿನಿಂದಲೇ ಕೇಳಿದರು.

“ಆಡಳಿತ, ಅಮ್ಮ.”

“ಇವಳಿಗಾ? ಹಾಲು ಉಕ್ಕಿ ಒಲೆ ಆರಿದ್ರೂ ಇವಳಿಗೆ ಗೊತ್ತಾಗುವುದಿಲ್ಲ ಮಾಷ್ಟ್ರೇ.”

“ಅದಕ್ಕೇ ಹೇಳಿದ್ದು, ಕಲಿಯಲಿ ಅಂತ.”

ಅತ್ತೆ ನಕ್ಕರು. ಸರ್ ಆಮೇಲೆ ಕಾಫಿ ಕುಡಿದರು. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದು ಎರಡು: ಬೆನ್ನು ನೆಟ್ಟಗೆ ಇಟ್ಟು ಕೂರುವುದು, ಮನೆಗೆ ಬಂದ ಹಿರಿಯರಿಗೆ ಇಲ್ಲ ಅನ್ನದಿರುವುದು. ಎರಡೂ ಆ ಎಂ.ಎ.ಗೆ ಉಪಯೋಗಕ್ಕೆ ಬಂದವು.

ರೈ ಸರ್ ಅವರದ್ದು ಒಂದು ಕ್ರಮ ಇತ್ತು. ಗ್ರೂಪ್ ಫೋಟೋ ಎಲ್ಲ ಕಡೆ ಕೊನೆಯ ದಿನ ತೆಗೆಯುತ್ತಾರೆ, ಇವರು ಮೊದಲ ದಿನವೇ ತೆಗೆಸುತ್ತಿದ್ದರು. “ಕೊನೆಗೆ ತೆಗೆದ್ರೆ ಕುರ್ಚಿಗಳದ್ದೇ ಫೋಟೋ ಬರುವುದು,” ಎನ್ನುತ್ತಿದ್ದರು. ಆ ಫೋಟೋ ಈಗಲೂ ನನ್ನ ಟ್ರಂಕಿನಲ್ಲಿ ಉಂಟು. ಬ್ಯಾಂಕಿನ ಇಬ್ಬರು, ಮದುವೆಗೆ ಕಾಯುತ್ತಿದ್ದ ಮೂವರು ಹುಡುಗಿಯರು, ಗಲ್ಫಿನ ವೀಸಾಕ್ಕೆ ಕಾಯುತ್ತಿದ್ದ ಒಬ್ಬ, ಕೂಳೂರಿನ ಒಬ್ಬ ಪೊಲೀಸು, ಪೋಸ್ಟಾಫೀಸಿನ ಒಬ್ಬರು. ಆಮೇಲೆ ಸುಮತಿ, ಅವಳ ಪಕ್ಕ ತುದಿಯಲ್ಲಿ ಹತ್ತನೆಯವಳಾಗಿ ನಾನು.

ಸುಮತಿ ಬೆಂಗ್ರೆಯವಳು. ಒಂದು ಸರಕಾರಿ ಆಫೀಸಿನಲ್ಲಿ ಟೈಪಿಸ್ಟ್. “ಬೇರೆಯವರು ಹೇಳಿದ್ದನ್ನು ಟೈಪ್ ಮಾಡಿ ಮಾಡಿ ಸಾಕಾಯ್ತು ಮಾರಾಯ್ತಿ,” ಎಂದು ಮೊದಲ ವಾರವೇ ಹೇಳಿದ್ದಳು. “ನಾನು ಹೇಳ್ಬೇಕು, ಇನ್ನೊಬ್ರು ಟೈಪ್ ಮಾಡ್ಬೇಕು.” ಹೊಳೆ ದಾಟಲು ಅವಳಿಗೆ ಕೊನೆಯ ದೋಣಿ ಸಿಗಬೇಕಿತ್ತು. ಏಳೂವರೆಯಾಯಿತೆಂದರೆ ಸರ್ ವಾಕ್ಯದ ನಡುವೆಯೇ ಪುಸ್ತಕ ಮುಚ್ಚುತ್ತಿದ್ದರು. “ಉಳಿದದ್ದು ನಾಳೆ. ಸುಮತಿಯ ದೋಣಿ ಹೋಗ್ತದೆ.”

ಜನ ಕರಗಿದ್ದು ನಿಧಾನವಾಗಿ, ಸದ್ದಿಲ್ಲದೆ. ಮೊದಲ ಹುಡುಗಿಯ ಮದುವೆಗೆ ಇಡೀ ಕ್ಲಾಸು ಹೋಯಿತು. ಊಟಕ್ಕೆ ಕೂತಾಗ ಸರ್ ಪಾಯಸ ಬಡಿಸಿಕೊಳ್ಳುತ್ತಾ “ಒಂಬತ್ತು” ಎಂದರು, ಅಷ್ಟೇ. ಉಳಿದ ಇಬ್ಬರ ಮದುವೆ ಒಂದೇ ತಿಂಗಳಲ್ಲಿ ಆಯಿತು. ವೀಸಾ ಬಂತು. ಬ್ಯಾಂಕಿನವರಿಬ್ಬರಿಗೂ ವರ್ಗವಾಯಿತು. ಮೊದಲ ವರ್ಷದ ಪರೀಕ್ಷೆಯನ್ನು ನಾನು ಹೇಗೋ ಬರೆದು ಪಾಸಾದೆ. ರಜೆಯಲ್ಲಿ ಮಗಳು ಹುಟ್ಟಿದಳು. ಇನ್ನು ಸಾಕು ಎಂದು ಪುಸ್ತಕ ಕಟ್ಟಿಟ್ಟೆ.

ಆಗ ಸುಮತಿ ಮನೆಗೆ ಬಂದಳು. ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದಳು, “ಎರಡನೇ ವರ್ಷಕ್ಕೆ ನಾಲ್ಕು ಜನ ಬೇಕಂತೆ. ಇಲ್ಲದಿದ್ರೆ ಮೈಸೂರಿಗೆ ಹೋಗಿ ಓದಿ ಅಂತಾರೆ. ಈ ಕೆಲಸ ಬಿಟ್ಟು ನಾನು ಹೇಗೆ ಹೋಗುವುದು? ನೀನು ಓದುವುದು ಬೇಡ. ಬಂದು ಕೂತ್ರೆ ಸಾಕು.”

ನಾನು ಅತ್ತೆಯ ಮುಖ ನೋಡಿದೆ. ಅವರು ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು, “ಕೂರಲಿಕ್ಕೆ ಇವಳಿಗೆ ಬರ್ತದೆ,” ಎಂದರು.

ಹಾಗೆ ನಾನು ಒಂದು ವರ್ಷ ಕೂತೆ, ಬೆನ್ನು ನೆಟ್ಟಗೆ. ಡೆಸ್ಕಿನ ಕೆಳಗೆ ಕ್ರೋಶಾ ಕಡ್ಡಿ. ಮಗಳ ಮೊದಲ ಟೊಪ್ಪಿ ಹಣಕಾಸು ಆಡಳಿತದ ಕ್ಲಾಸಿನಲ್ಲಿ ಆದದ್ದು, ಸ್ವೆಟರಿನ ತೋಳು ಸ್ಥಳೀಯ ಸಂಸ್ಥೆಗಳದ್ದರಲ್ಲಿ. ಸರ್‌ಗೆ ಕಾಣುತ್ತಿತ್ತು. ಒಮ್ಮೆ ಮಾತ್ರ, “ಒಂದು ತೋಳು ಉದ್ದ ಆಯ್ತೋ ಏನೋ,” ಎಂದರು. ಮಾಗಿಯ ಹೊತ್ತಿಗೆ ನನಗೇ ತಿಳಿಯದೆ ಕಡ್ಡಿ ನಿಂತುಹೋಗಿತ್ತು. ನಮ್ಮ ಓಣಿಯ ನಲ್ಲಿಗೆ ನೀರು ಯಾಕೆ ಬರುವುದಿಲ್ಲ, ಆ ಅರ್ಜಿ ಎಷ್ಟು ಮೇಜು ದಾಟಬೇಕು ಎಂದು ಸರ್ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ ದಿನ ನಾನೇ ಕೈ ಎತ್ತಿ ಪ್ರಶ್ನೆ ಕೇಳಿದೆ. ಸುಮತಿ ತಿರುಗಿ ನೋಡಿದಳು.

ಆದರೂ ಕೊನೆಯ ಪರೀಕ್ಷೆಯ ಫಾರಂ ಬಂದಾಗ ನಾನು ಹಿಡಿಯಲಿಲ್ಲ. “ನಾನು ಲೆಕ್ಕಕ್ಕೆ ಮಾತ್ರ ಸರ್. ಬರೆದು ಫೇಲಾದ್ರೆ ನಿಮ್ಮ ರಿಸಲ್ಟ್ ಹಾಳಾಗ್ತದೆ.” ಇದನ್ನು ವಿನಯ ಎಂದೇ ತಿಳಿದಿದ್ದೆ. ಸರ್ ಫಾರಮನ್ನು ಸ್ವಲ್ಪ ಹೊತ್ತು ಚಾಚಿಯೇ ಇದ್ದರು. ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಮಗು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು. ಸಂಜೆ ಐದೂವರೆಯಿಂದ ಎಂಟರವರೆಗೆ, ಒಂದು ವರ್ಷ, ಅವರೇ ಅದನ್ನು ಎತ್ತಿಕೊಂಡು ಜಗಲಿಯಲ್ಲಿ ನಡೆದವರು.

“ಪರೀಕ್ಷೆ ಇಲ್ವಾ?”

“ಇಲ್ಲ ಅತ್ತೆ.”

“ಹಾಗಾದ್ರೆ ನಾನು ಇಷ್ಟು ದಿನ ಹೊತ್ತದ್ದು ಎಂತಕ್ಕೆ?”

ಗದರಿಸಲಿಲ್ಲ, ನಿಜಕ್ಕೂ ಕೇಳಿದರು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಹಾಲು ಉಕ್ಕಿದರೂ ನನ್ನನ್ನು ಗೇಲಿ ಮಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಮೂವರು ಬರೆದರು, ಮೂವರೂ ಪಾಸಾದರು. ಆಮೇಲೊಮ್ಮೆ, ಮಾರ್ಕ್ಸ್ ಕಾರ್ಡಿಗೆ ಬಂದ ಸುಮತಿಗೆ ಸಿಹಿ ಕೊಡಲು ಕಾಲೇಜಿಗೆ ಹೋದಾಗ ಸರ್ ವಾರ್ಷಿಕ ವರದಿ ಬರೆಯುತ್ತಿದ್ದರು. ಕಾಗದ ನನ್ನ ಕಡೆ ತಿರುಗಿಸಿದರು. ಸೇರಿದವರು ಹತ್ತು, ಬಿಟ್ಟವರು ಆರು, ಮುಗಿಸಿದವರು ಮೂರು. “ಕೂಡಿಸಿದ್ರೆ ಒಂದು ಕಡಿಮೆ ಬರ್ತದೆ,” ಎಂದರು. “ನಿನ್ನನ್ನು ಯಾವುದಕ್ಕೆ ಹಾಕಲಿ?” ನಾನು ನಕ್ಕು, ಬಿಟ್ಟವರಲ್ಲಿ ಹಾಕಿ ಸರ್ ಎಂದೆ. ಅವರು ಆರನ್ನು ಏಳು ಮಾಡಿದರು.

ಸುಮತಿ ಈಗ ಘಟ್ಟದ ಮೇಲೆ ಎಲ್ಲೋ ಅಧಿಕಾರಿ. ಹೊಸ ವರ್ಷಕ್ಕೆ ಕಾರ್ಡು ಬರುತ್ತದೆ, ವಿಳಾಸ ಟೈಪ್ ಮಾಡಿದ್ದು. ಬೇರೆಯವರು ಮಾಡಿದ್ದು ಎಂದು ನೋಡಿದರೇ ಗೊತ್ತಾಗುತ್ತದೆ, ಅವಳಾಗಿದ್ದರೆ ಅಕ್ಷರ ತಪ್ಪುತ್ತಿರಲಿಲ್ಲ. ರೈ ಸರ್ ನಿವೃತ್ತರಾದರು. ಅತ್ತೆ ಹೋಗಿ ಎರಡು ವರ್ಷವಾಯಿತು.

ಇವತ್ತು ಬಂಗುಡೆ ತೊಳೆದಿಟ್ಟ ಮೇಲೆ ಆ ಪ್ರಕಟಣೆಯನ್ನು ಕತ್ತರಿಸಿದೆ. ನೀರಲ್ಲಿ ಅದ್ದಿ ಅಂಟಿದ ಮೀನಿನ ಹುರುಪೆ ತೆಗೆದು, ಬಟ್ಟೆ ಹಗ್ಗಕ್ಕೆ ಎರಡು ಕ್ಲಿಪ್ ಹಾಕಿ ಒಣಗಿಸಿದೆ. ಯಾಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಧ್ಯಾಹ್ನ ಟ್ರಂಕು ತೆಗೆದು ಫೋಟೋ ನೋಡಿದೆ. ತುದಿಯಲ್ಲಿ ನಿಂತ ಆ ಹತ್ತನೆಯ ಹುಡುಗಿ ಅರ್ಧ ಫ್ರೇಮಿನ ಹೊರಗಿದ್ದಾಳೆ. ಫೋಟೋಗ್ರಾಫರ್ ತಪ್ಪೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ನೋಡಿದರೆ ಅವಳೇ ಆಚೆ ಸರಿದು ನಿಂತಿದ್ದಾಳೆ.

ಸಂಜೆ ಪಕ್ಕದ ಮನೆಯ ಹೇಮಕ್ಕ ಕರಿಬೇವಿಗೆ ಬಂದರು. ಹಗ್ಗದ ಮೇಲೆ ಮಗಳ ಯೂನಿಫಾರ್ಮಿನ ಪಕ್ಕ ಆ ಚೂರು ತೂಗುತ್ತಿತ್ತು.

“ಎಂತ, ಪೇಪರನ್ನೂ ಒಗೀಲಿಕ್ಕೆ ಸುರು ಮಾಡಿದ್ರಾ?” ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಪೂರ್ತಿ ಓದಿದರು. “ನಾಳೆಯೇ ಕೊನೆ ಉಂಟಲ್ಲ.”

“ಹೌದು.”

ಯಾರಿಗೆ ಎಂದು ಕೇಳುತ್ತಾರೆಂದು ಕಾದೆ. ಮಗಳು ಇನ್ನೂ ನಾಲ್ಕನೇ ಕ್ಲಾಸು ಎಂಬ ಉತ್ತರ ಬಾಯಲ್ಲೇ ಇತ್ತು. ಹೇಮಕ್ಕ ಕೇಳಲಿಲ್ಲ. ಒಂದು ಗೆಲ್ಲು ಮುರಿದು ಸೆರಗಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟವರು, ಅಲ್ಲಿಂದಲೇ ಹೇಳಿದರು:

“ಹೋಗುವ ಮೊದಲು ಕೈಗೆ ಲಿಂಬೆಹುಳಿ ತಿಕ್ಕಿ ಆಯ್ತಾ. ಫಾರಮಿಗೆ ಸೈನ್ ಹಾಕುವಾಗ ಬಂಗುಡೆ ವಾಸನೆ ಬರ್ತದೆ.”